ಬಟ್ಟೆ ಒಣಗುವ ಹೊತ್ತು

"ಅಜ್ಜಾರ, ಕೆಲಸ ಎಲ್ಲಾ ಹಗುರ ಆತು. ದಣಿವು ಯಾಕ ಹೋಗವಲ್ದು?"

ಕೇಳಿದವನು ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ. ಹೆಸರು ನಿಜಗುಣಿ. ಕೇಳುವ ಮೊದಲೇ ಅವನು ಉಗ್ರಾಣದ ಕೀಲಿಗೊಂಚಲನ್ನು ಗುರುಗಳ ಮುಂದೆ ಕಟ್ಟೆಯ ಮೇಲೆ ಇಟ್ಟು, ಅವರ ಪಕ್ಕದಲ್ಲಿ ಕೂತಿದ್ದ. ಈ ಹೊಣೆ ಇನ್ನು ತನ್ನಿಂದಾಗದು, ಬೇರೆ ಯಾರಿಗಾದರೂ ಒಪ್ಪಿಸಿ ಎಂಬುದು ಅದರ ಅರ್ಥ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ.

ಗುರುಗಳು ಕೀಲಿಯನ್ನು ಮುಟ್ಟಲಿಲ್ಲ. ಅವರಿಗೆ ವಯಸ್ಸಾಗಿತ್ತು. ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ ಕಂಬಕ್ಕೆ ಒರಗಿ ಕೂರುವುದು ಅವರ ರೂಢಿ. ಏನೇನು ಹಗುರವಾಯಿತು, ಮೊದಲು ಅದನ್ನು ಹೇಳು ಎಂದರು.

ಶಿಷ್ಯ ಹೇಳಿದ. ಹಿಟ್ಟು ನಾದಲು ಯಂತ್ರ ಬಂದಿದೆ. ರೊಟ್ಟಿಗೂ ಯಂತ್ರ ಬಂದಿದೆ. ಊಟಕ್ಕೆ ಎಷ್ಟು ಜನ ಬರುತ್ತಾರೆ ಎಂಬುದು ಬೆಳಿಗ್ಗೆಯೇ ಫೋನಿನಲ್ಲಿ ತಿಳಿಯುತ್ತದೆ. ಯಾವ ಹೊತ್ತಿಗೆ ಯಾವ ಕೆಲಸ ಎಂದು ಅದೇ ಫೋನು ಗಂಟೆ ಬಾರಿಸಿ ನೆನಪಿಸುತ್ತದೆ. ಉಗ್ರಾಣದಲ್ಲಿ ಒಂದು ವಸ್ತುವನ್ನೂ ಹುಡುಕುವ ಹಾಗಿಲ್ಲ, ಪ್ರತಿ ಡಬ್ಬಿಯ ಮೇಲೂ ಹೆಸರು ಬರೆದಿದ್ದಾನೆ. ಮೊದಲು ಈ ಕಟ್ಟೆಯ ಮೇಲೆಯೇ ಮೊರ ಹಿಡಿದು ಕೂತು ಬೇಳೆಯಲ್ಲಿನ ಕಲ್ಲು ಆರಿಸುವಷ್ಟರಲ್ಲಿ ಮಧ್ಯಾಹ್ನವೆಲ್ಲ ಕಳೆದುಹೋಗುತ್ತಿತ್ತು. ಈಗ ಕಲ್ಲು ತೆಗೆದ ಬೇಳೆಯೇ ಚೀಲದಲ್ಲಿ ಬರುತ್ತದೆ.

ಆ ಮಾತಿಗೆ ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

"ಮಾಡೂದೆಲ್ಲಾ ಮಾಡೀನಿ, ಅಜ್ಜಾರ. ಆದ್ರೂ ಹಾಸಿಗಿಗೆ ಬಿದ್ರ ಮೈಯೆಲ್ಲಾ ಜಜ್ಜಿ ಹಾಕಿದಂಗ ಇರ್ತೈತಿ. ಮನಸ್ಸೂ ಹಂಗ."

ಗುರುಗಳು ತಲೆಯಾಡಿಸಿದರು. ನೀನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ, ಡಬ್ಬಿಗೆ ಹೆಸರು ಬರೆದದ್ದಂತೂ ಬಹಳ ಒಳ್ಳೆಯದಾಯಿತು, ಮೊದಲು ಸಾಸಿವೆ ಎಂದು ನೀನು ರಾಗಿಗೇ ಕೈಹಾಕುತ್ತಿದ್ದೆ ಎಂದರು. ಶಿಷ್ಯನಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಆಮೇಲೆ ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಮಡಿವಾಳನಿದ್ದ. ಅವನಿಗೆ ಹೆಂಡತಿ ಇದ್ದಳು, ಒಬ್ಬಳೇ ಮಗಳಿದ್ದಳು, ಒಂದು ಕತ್ತೆ ಇತ್ತು. ಮನೆ ಒಂದೇ ಅಂಕಣದ್ದು. ಅದರಲ್ಲೇ ಅವನ ತಾಯಿಯೂ ಅಣ್ಣನ ಸಂಸಾರವೂ ಇದ್ದವು. ಅಂಥ ಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದೆಲ್ಲಿ? ಗುಟ್ಟಾಗಿ ಏನಾದರೂ ಅಂದರೆ ಮರುದಿನ ಅಣ್ಣನ ಮಕ್ಕಳು ಅದನ್ನೇ ಹೇಳಿಕೊಂಡು ಆಡುತ್ತಿದ್ದವು. ಹಾಗಾಗಿ ಮದುವೆಯಾದ ಹೊಸದರಲ್ಲೇ ಅವರಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮಾತು ಏನೇ ಇರಲಿ, ಮನೆಯಲ್ಲಿ ಬೇಡ. ಬಟ್ಟೆ ಹರವಿದ ಮೇಲೆ ಆಡೋಣ.

ಬೆಳಿಗ್ಗೆ ಕತ್ತೆಯ ಮೇಲೆ ಗಂಟು ಹೇರಿಕೊಂಡು ಇಬ್ಬರೂ ಹೊಳೆಗೆ ಹೋಗುವರು. ಬಿಸಿಲು ಏರುವವರೆಗೆ ಬಂಡೆಗೆ ಬಡಿದು ಒಗೆಯುವರು, ಜಾಲಿಸುವರು, ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ಹಿಂಡುವರು. ಮರಳಿನ ಮೇಲೆ ಹರವಿ, ಗಾಳಿಗೆ ಹಾರದಂತೆ ಮೂಲೆಗೆ ಕಲ್ಲಿಡುವರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಮುಂದಿನದು ಬಿಸಿಲಿನ ಕೆಲಸ. ಬಿಸಿಲಿಗೆ ಬೇಗ ಮಾಡು ಎನ್ನಲು ಬರುವುದಿಲ್ಲ. ಬಟ್ಟೆ ಬಿಟ್ಟು ಮನೆಗೆ ಹೋಗಲೂ ಬರುವುದಿಲ್ಲ, ದನ ಬಂದು ತುಳಿದರೆ ಮತ್ತೆ ಮೊದಲಿನಿಂದ ಒಗೆಯಬೇಕು. ಕೂರಲೇಬೇಕು. ಹೊಂಗೆಯ ನೆರಳಿಗೆ ಹೋಗಿ ರೊಟ್ಟಿಯ ಗಂಟು ಬಿಚ್ಚುವರು. ಅವನು ಒಂದಿಷ್ಟು ಮಲಗುವನು. ಅವಳು ಕಾಲು ಚಾಚಿ ಕೂರುವಳು. ಮಾತು ಇದ್ದರೆ ಆಡುವರು. ಇಲ್ಲದಿದ್ದರೆ ಇಲ್ಲ.

ಆ ಹೊತ್ತಿಗೆ ಅವರು ಬಿಡುವು ಎಂದು ಹೆಸರಿಟ್ಟಿರಲಿಲ್ಲ. ಯಾರಾದರೂ ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ಬಟ್ಟೆ ಒಣಗುತ್ತಿವೆ ಎನ್ನುತ್ತಿದ್ದರು. ಅವರ ಸಂಸಾರ ನಡೆದದ್ದೆಲ್ಲ ಆ ಮರಳಿನ ಮೇಲೆ. ಅಣ್ಣನಿಂದ ಬೇರೆಯಾಗುವುದು ಬೇಡ ಎಂದು ತೀರ್ಮಾನವಾದದ್ದು ಅಲ್ಲಿ. ಮಗಳಿಗೆ ಗಂಡು ಗೊತ್ತಾದದ್ದು ಅಲ್ಲಿ.

ಹೆಂಡತಿಗೆ ಗಂಡನ ಸ್ವಭಾವ ಗೊತ್ತಿತ್ತು. ಅವನು ಒಳ್ಳೆಯವನು, ಆದರೆ ಮೊಂಡ. ಕಷ್ಟದ ಮಾತನ್ನು ಒಮ್ಮೆಲೇ ಮುಂದಿಟ್ಟರೆ ಆಗದು ಎಂದುಬಿಡುತ್ತಿದ್ದ. ಅದಕ್ಕೆ ಅವಳು ಒಂದು ಮಾತು ಹೇಳಿ ಬಿಟ್ಟುಬಿಡುವಳು. ಅವನು ಮುಖ ತಿರುಗಿಸುವನು. ಮರಳಿನಲ್ಲಿ ಕಡ್ಡಿಯಿಂದ ಗೆರೆ ಎಳೆಯುವನು. ಆ ಕಡೆ ಮಗ್ಗುಲಾಗಿ ಮಲಗುವನು, ಏಳುವನು, ಹೋಗಿ ನೀರು ಕುಡಿದು ಬರುವನು. ಬಟ್ಟೆ ಮಡಿಸುವ ಹೊತ್ತಿಗೆ ಹೂಂ ಎನ್ನುವನು. ಆ ಒಂದು ಹೂಂಗೆ ಒಂದು ಮಧ್ಯಾಹ್ನ ಬೇಕಾಗುತ್ತಿತ್ತು.

ಮಗಳ ಮದುವೆಯಾಯಿತು. ಅಳಿಯ ದೂರದ ಊರಿನವನು, ಸಾಮಾನು ಸಾಗಿಸುವ ಗಾಡಿ ಓಡಿಸುವವನು. ಒಮ್ಮೆ ಮಡಿವಾಳ ಮಗಳ ಮನೆಗೆ ಹೋದಾಗ ಮಾವ ಅಳಿಯರ ನಡುವೆ ಮಾತಿಗೆ ಮಾತು ಬೆಳೆಯಿತು. ಹೊಸ ಗಾಡಿಯ ಪೂಜೆಗೆ ಹೇಳಿ ಕಳಿಸಲಿಲ್ಲ ಎಂಬುದು ಕಾರಣ. ಜಗಳದ ಕಾರಣ ಯಾವಾಗಲೂ ಇಷ್ಟೇ ಇರುತ್ತದೆ. ಮಡಿವಾಳ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಎದ್ದು ಬಂದ. ಅಳಿಯನೂ ತುಳಿಯಬೇಡಿ ಎಂದ. ಮಗಳು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು.

ಇದಾದ ಸ್ವಲ್ಪ ದಿನಕ್ಕೆ ಹೆಂಡತಿಗೆ ಸೊಂಟ ಹಿಡಿಯಿತು. ಬಂಡೆಯ ಮುಂದೆ ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಮಡಿವಾಳನಿಗೆ ಹೆಂಡತಿಯ ಮೇಲೆ ಜೀವ. ಪೇಟೆಗೆ ಹೋಗಿ ವಿಚಾರಿಸಿದ. ಒಗೆಯುವ, ಹಿಂಡುವ, ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ ಬಂದಿದೆ ಎಂದರು. ಅದನ್ನೇ ತಂದ. ಮನೆಯ ಪಕ್ಕ ಒಂದು ತಗಡಿನ ಕೋಣೆ ಕಟ್ಟಿ ಅದರಲ್ಲಿ ಇಟ್ಟ.

ಯಂತ್ರ ಮೋಸ ಮಾಡಲಿಲ್ಲ. ಅದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಯಂತ್ರವನ್ನು ಬೈಯಬಾರದು. ಹೆಂಡತಿಯ ಸೊಂಟ ನೆಟ್ಟಗಾಯಿತು. ಬಟ್ಟೆ ಬೆಳ್ಳಗೆ ಬಂದವು. ಮಡಿವಾಳನೂ ನಿನ್ನ ಹಾಗೆಯೇ ಅಚ್ಚುಕಟ್ಟಿನವನು. ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಬಣ್ಣದ ಬುಟ್ಟಿ ಇಟ್ಟ. ಯಾರ ಬಟ್ಟೆ ಆಯಿತು ಎಂದು ಫೋನಿನಲ್ಲೇ ತಿಳಿಸತೊಡಗಿದ. ಯಂತ್ರದ ಒಂದು ಸರತಿ ಮುಗಿಯುವ ಮೊದಲೇ ಮುಂದಿನ ಸರತಿಯ ಬಟ್ಟೆ ವಿಂಗಡಿಸಿಡುವುದನ್ನು ರೂಢಿ ಮಾಡಿಕೊಂಡ. ಮೊದಲು ಕತ್ತಲಾಗುವವರೆಗೆ ನಡೆಯುತ್ತಿದ್ದ ಕೆಲಸ ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಬಟ್ಟೆ ಬೇಗ ಆಗುತ್ತದೆಂದು ಊರಿಗೆ ಗೊತ್ತಾಯಿತು. ವಾರಕ್ಕೊಮ್ಮೆ ಬಟ್ಟೆ ಹಾಕುತ್ತಿದ್ದವರು ದಿನವೂ ಹಾಕಿದರು. ನಾಡಿದ್ದು ಕೊಡು ಎನ್ನುತ್ತಿದ್ದವರು ಸಂಜೆಗೇ ಬೇಕು ಎಂದರು. ಒಮ್ಮೆ ಉಟ್ಟದ್ದನ್ನು ಮತ್ತೆ ಉಡುವುದನ್ನೇ ಬಿಟ್ಟವರೂ ಇದ್ದರು. ಮಡಿವಾಳ ಯಾರಿಗೂ ಆಗದು ಎನ್ನಲಿಲ್ಲ. ಹೊತ್ತು ಇತ್ತಲ್ಲ, ಹೇಗೆ ಆಗದು ಎನ್ನುತ್ತಾನೆ? ಒಣಗಿಸುವುದು ಬಿಸಿಲಿನ ಕೆಲಸವಾಗಿದ್ದಾಗ, ಮೋಡ ಬಂತು, ಒಣಗಲಿಲ್ಲ ಎಂದು ಹೇಳಲು ಬರುತ್ತಿತ್ತು. ಈಗ ಆ ಮಾತೂ ಅವನ ಬಾಯಿಂದ ಹೋಗಿತ್ತು. ಯಂತ್ರ ಕೂಗಿದ ಕೂಡಲೇ ತೆಗೆಯಬೇಕು, ತುಂಬಬೇಕು. ಅದು ಮತ್ತೆ ಕೂಗುವುದರೊಳಗೆ ಮಡಿಸಬೇಕು, ಇಸ್ತ್ರಿ ಮಾಡಬೇಕು, ಬುಟ್ಟಿಗೆ ಹಾಕಬೇಕು.

ಕತ್ತೆಗೆ ಮಾತ್ರ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಅದು ಬೆಳಿಗ್ಗೆ ತಾನಾಗಿಯೇ ಹೊಳೆಗೆ ಹೋಗುತ್ತಿತ್ತು, ಹೊಂಗೆಯ ನೆರಳಲ್ಲಿ ನಿಲ್ಲುತ್ತಿತ್ತು, ಬಿಸಿಲು ಇಳಿದ ಮೇಲೆ ತಾನಾಗಿಯೇ ಮನೆಗೆ ಬರುತ್ತಿತ್ತು. ಊರಿನವರು ಅದನ್ನು ನೋಡಿ ನಗುತ್ತಿದ್ದರು. ನೀನೂ ನಗು. ಆದರೆ ಆ ಮನೆಯಲ್ಲಿ ತನ್ನ ಮಧ್ಯಾಹ್ನವನ್ನು ಉಳಿಸಿಕೊಂಡದ್ದು ಅದೊಂದೇ.

ಇಷ್ಟು ಹೇಳುವಾಗ ಶಿಷ್ಯನ ಸೊಂಟದಲ್ಲಿದ್ದ ಫೋನು ಗಂಟೆ ಬಾರಿಸಿತು. ಅವನು ಗಡಬಡಿಸಿ ಅದರ ಬಾಯಿ ಮುಚ್ಚಿಸಿದ. ಸಂಜೆಯ ಹಿಟ್ಟಿನ ಹೊತ್ತು ಎಂದ. ಹೋಗುವುದಾದರೆ ಹೋಗು ಎಂದರು ಗುರುಗಳು. ಅವನು ಹೋಗಲಿಲ್ಲ. ಗುರುಗಳು ಮುಂದುವರಿಸಿದರು.

ಮಗಳು ಗರ್ಭಿಣಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ತವರಿನವರು ಬಂದು ಕರೆಯಬೇಕು. ಕರೆಯದೆ ಹೆಣ್ಣುಮಗಳು ತಾನಾಗಿ ಬರುವುದಿಲ್ಲ. ಬಾಯಿ ಮಾಡಿ ಹೋದವರೇ ಬಂದು ಕರೆಯಲಿ ಎಂದು ಅಳಿಯ ಹಠ ಹಿಡಿದಿದ್ದ. ಒಂದು ದಿನ ಮಡಿವಾಳ ಬಟ್ಟೆ ಮುಟ್ಟಿಸಲು ಹೋಗಿದ್ದಾಗ ಮನೆಯಲ್ಲಿದ್ದ ಫೋನಿಗೆ ಮಗಳು ಮಾತಾಡಿದಳು.

"ಅವ್ವಾ, ಅಪ್ಪಗ ಒಂದ್ ಸಲ ಬಾ ಅಂತ ಹೇಳು. ಬಂದು ಹೊಸ್ತಿಲದಾಗ ನಿಂತು ಕರದ್ರ ಸಾಕು, ಇವ್ರು ಕಳಸ್ತಾರ. ನನಗ ಇಲ್ಲೆ ಭಾಳ ಅಂಜಿಕಿ ಆಗ್ತೈತಿ."

ತಾಯಿ ಹೇಳುತ್ತೇನೆ ಎಂದಳು. ಹೇಳಬೇಕೆಂದೇ ಇದ್ದಳು. ಆದರೆ ಇದು ಕಷ್ಟದ ಮಾತು. ಒಮ್ಮೆಲೇ ಹೇಳಿದರೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಡುತ್ತಾನೆ. ಒಮ್ಮೆ ಅಂದರೆ ಮತ್ತೆ ಅವನ ಬಾಯಿಂದ ಬೇರೆ ಮಾತು ಹೊರಡುವುದಿಲ್ಲ. ಇದನ್ನು ಮೆಲ್ಲಗೆ ಹೇಳಬೇಕು, ಬಟ್ಟೆ ಹರವಿದ ಮೇಲೆ ಹೇಳಬೇಕು ಎಂದುಕೊಂಡಳು. ಅಷ್ಟು ವರ್ಷದ ರೂಢಿ ಅದು. ಅವಳ ತಲೆ ಯಂತ್ರ ಬಂದದ್ದನ್ನು ಒಪ್ಪಿತ್ತು. ನಾಲಿಗೆ ಇನ್ನೂ ಮರಳನ್ನೇ ಕಾಯುತ್ತಿತ್ತು.

ಈಗ ಬಟ್ಟೆ ಹರವುವುದು ಯಾವಾಗ?

ಮರುದಿನ ಅವಳು ತಗಡಿನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತಳು. ಒಂದು ಮಾತು ಹೇಳುವುದಿತ್ತು ಎಂದಳು. ಈ ಸರತಿ ಮುಗಿಯಲಿ ಎಂದ. ಸರತಿ ಮುಗಿಯಿತು, ಇನ್ನೊಂದು ತುಂಬಿತು. ಅದರ ಮರುದಿನವೂ ನಿಂತಳು. ಅವನೇ ಕೇಳಿದ, ಏನೋ ಹೇಳುವುದಿತ್ತಲ್ಲ ಎಂದು. ಅಷ್ಟರಲ್ಲಿ ಯಂತ್ರ ಕೂಗಿತು, ಫೋನೂ ಕೂಗಿತು. ಅವಳು, ಇರಲಿ, ಆಮೇಲೆ ಹೇಳುತ್ತೇನೆ ಎಂದು ಹೊರಬಂದಳು. ಇಡೀ ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಮಗಳ ಮಾತು ಅಷ್ಟು ದೂರದ ಊರಿನಿಂದ ಒಂದು ಗಳಿಗೆಯಲ್ಲಿ ಬಂದಿತ್ತು. ಹೆಂಡತಿಯಿಂದ ಗಂಡನವರೆಗೆ ಹೋಗಲು ಅದಕ್ಕೆ ದಾರಿ ಸಿಗಲಿಲ್ಲ.

ಅವಳು ಅಂಜಿದಳು ಎನ್ನಬೇಡ. ಅವಳು ದಣಿದಿದ್ದಳು. ದಣಿದವರು ಕಷ್ಟದ ಮಾತನ್ನು ನಾಳೆಗೆ ಇಡುತ್ತಾರೆ. ನಾಳೆಯೂ ದಣಿದಿರುತ್ತಾರೆ. ಮಗಳು ಮತ್ತೆರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಹೆರಿಗೆ ಗಂಡನ ಊರಿನಲ್ಲೇ ಆಯಿತು. ಪಕ್ಕದ ಮನೆಯ ಹೆಂಗಸೊಬ್ಬಳು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಅವಳೇ ಬಾಣಂತನಕ್ಕೂ ನಿಂತಳು. ಕೂಸು ಚೆನ್ನಾಗಿತ್ತು, ತಾಯಿಯೂ ಚೆನ್ನಾಗಿದ್ದಳು. ಸುದ್ದಿ ಬಂದಾಗ ಮಡಿವಾಳ ಇಸ್ತ್ರಿ ಮಾಡುತ್ತಿದ್ದ. ಆಗ ಹೆಂಡತಿ ಎಲ್ಲವನ್ನೂ ಹೇಳಿದಳು. ಒಮ್ಮೆಲೇ ಹೇಳಿದಳು. ಅವನು ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ನಿಂತ. ಬಟ್ಟೆ ಸುಟ್ಟ ವಾಸನೆ ಬಂತು. ಇಬ್ಬರೂ ಪೆಟ್ಟಿಗೆಯನ್ನು ಎತ್ತಲಿಲ್ಲ.

ನನಗೆ ಹೇಳಿದ್ದರೆ ನಾನು ಹೋಗುತ್ತಿದ್ದೆ ಎಂದು ಅವನು ಹೇಳಲಿಲ್ಲ. ಹೋಗುತ್ತಿದ್ದೆನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಅವನಿಗೊಂದು ಮಧ್ಯಾಹ್ನ ಬೇಕಾಗಿತ್ತು.

ಅವತ್ತೇ ಒಬ್ಬನೇ ಹೊರಟ. ಹೊಸ್ತಿಲು ತುಳಿದ. ಅಳಿಯ ಬನ್ನಿ ಎಂದ, ಕೈಕಾಲಿಗೆ ನೀರು ಕೊಟ್ಟ. ಜಗಳ ಎಂದೋ ಹಳತಾಗಿತ್ತು. ಮಗಳು ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದಳು.

"ಮನಿಗೆ ಕರ್ಕೊಂಡು ಹೋಗಾಕ ಬಂದೀನವ್ವಾ," ಎಂದ ಮಡಿವಾಳ.

"ಈಗ್ಯಾಕ್ರಿ ಅಪ್ಪಾ? ಎಲ್ಲಾ ಇಲ್ಲೇ ಆತಲ್ಲ. ನಿಮಗ ಕೆಲಸ ಭಾಳ ಇರ್ತಾವು. ಕೂಡ್ರಿ, ಚಾ ತರ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮುನಿಸೂ ಇರಲಿಲ್ಲ. ಹುಟ್ಟಿದಾಗಿನಿಂದ ನೀನು ಎಂದು ಕರೆದ ಅಪ್ಪನನ್ನು ಅವಳು ಅವತ್ತು ಮೊದಲ ಸಲ ನೀವು ಎಂದಳು. ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು. ಮಡಿವಾಳ ಚಹಾ ಕುಡಿದ. ಕೂಸಿನ ಕೈಗೆ ಏನೋ ಕೊಟ್ಟ. ಬರುತ್ತೇನೆ ಎಂದು ಎದ್ದ.

ಊರಿಗೆ ಬಂದವನು ಮನೆಯೊಳಗೆ ಹೋಗಲಿಲ್ಲ. ತಗಡಿನ ಕೋಣೆಯಲ್ಲಿ ಒಣಗಿ ಮಡಿಸಿಟ್ಟ ಬಟ್ಟೆಗಳಿದ್ದವು. ಅವನ್ನೇ ಗಂಟು ಕಟ್ಟಿ ಕತ್ತೆಯ ಮೇಲೆ ಹೇರಿದ. ಹೊಳೆಗೆ ಹೋದ. ಒಂದೊಂದಾಗಿ ಬಿಚ್ಚಿ ಮರಳಿನ ಮೇಲೆ ಹರವಿದ, ಮೂಲೆಗೆ ಕಲ್ಲಿಟ್ಟ, ಹೊಂಗೆಯ ನೆರಳಲ್ಲಿ ಕೂತ. ಹೆಂಡತಿ ಹುಡುಕಿಕೊಂಡು ಬಂದಳು. ನೋಡಿದಳು. ಗಂಡನಿಗೆ ಏನಾಯಿತೋ ಎಂದು ಅವಳಿಗೆ ಭಯವಾಯಿತು.

"ಒಣಗಿದ ಅರಿಬಿ ಯಾಕ ಹರವೀರಿ?"

"ಹೇಳೂದು ಇನ್ನೂ ಏನರ ಉಳದಿದ್ರ ಹೇಳು."

ಅವಳು ಅವನ ಪಕ್ಕದಲ್ಲಿ ಕೂತು ಅತ್ತಳು. ಅವನು ಮರಳಿನಲ್ಲಿ ಗೆರೆ ಎಳೆಯುತ್ತ ಕೂತ. ಮನೆಯಲ್ಲಿ ಯಂತ್ರ ಕೂಗಿ ಕೂಗಿ ತಾನೇ ಸುಮ್ಮನಾಗಿರಬೇಕು.

ಅವರು ಯಂತ್ರವನ್ನು ಮಾರಲಿಲ್ಲ. ಮಾರಿದರೆ ಅವಳ ಸೊಂಟ ಮತ್ತೆ ಹೋಗುತ್ತಿತ್ತು. ಒಗೆಯಲು, ಹಿಂಡಲು ಅದನ್ನೇ ಇಟ್ಟುಕೊಂಡರು. ಒಣಗಿಸುವ ಗುಂಡಿಯನ್ನು ಮಾತ್ರ ಒತ್ತುವುದನ್ನು ಬಿಟ್ಟರು. ಒದ್ದೆ ಬಟ್ಟೆಯನ್ನು ಕತ್ತೆಯ ಮೇಲೆ ಹೇರಿ ಹೊಳೆಗೆ ಒಯ್ದರು. ಸಂಜೆಗೇ ಬೇಕೆನ್ನುವವರು ಬೇರೆ ಕಡೆ ಹೋದರು. ಹೋಗಲಿ ಎಂದರು. ಮೊದಮೊದಲು ನೆರಳಲ್ಲಿ ಕೂತರೂ ಕೈ ಸುಮ್ಮನಿರುತ್ತಿರಲಿಲ್ಲ, ಕಿವಿ ಯಂತ್ರದ ಕೂಗಿಗೆ ಕಾಯುತ್ತಿತ್ತು, ಮಾತೂ ಬರುತ್ತಿರಲಿಲ್ಲ. ಕೂರುವುದನ್ನು ಅವರು ಮತ್ತೆ ಹೊಸದಾಗಿ ಕಲಿಯಬೇಕಾಯಿತು. ಆಮೇಲೆ ಒಂದು ಮಧ್ಯಾಹ್ನ, ಮಗಳನ್ನು ಕರೆಯಲು ಇನ್ನೊಮ್ಮೆ ಹೋಗೋಣ, ಬರದಿದ್ದರೆ ಮತ್ತೊಮ್ಮೆ ಹೋಗೋಣ, ಇಬ್ಬರೂ ಹೋಗೋಣ ಎಂದು ಅಲ್ಲಿಯೇ ಮಾತಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮಗಳು ಬಂದಳೇ ಎಂದು ಶಿಷ್ಯ ಕೇಳಿದ. ನನಗೆ ಗೊತ್ತಿಲ್ಲ ಎಂದರು. ಹಾಗೆ ಹೇಳುವಾಗ ಅವರ ದನಿ ಬಹಳ ಸೋತಿತ್ತು.

ಶಿಷ್ಯ ತಲೆ ತಗ್ಗಿಸಿ ಯೋಚಿಸಿದ. ಯಂತ್ರಗಳನ್ನು ತೆಗೆಸಬೇಕಾಗಿಲ್ಲ, ಅಷ್ಟು ಅವನಿಗೆ ತಿಳಿದಿತ್ತು. ಆದರೆ ತನಗೆ ಹೆಂಡತಿಯಿಲ್ಲ, ಮಗಳಿಲ್ಲ, ಹೊಳೆಯ ಮರಳೂ ಇಲ್ಲ. ಈ ಕತೆಯಲ್ಲಿ ತನ್ನದು ಯಾವುದು ಎಂದು ಅವನಿಗೆ ಹೊಳೆಯಲಿಲ್ಲ. ಫೋನು ಇನ್ನೊಮ್ಮೆ ಗಂಟೆ ಬಾರಿಸಿತು. ಅದನ್ನು ಈ ಸಲ ಪೂರ್ತಿ ಆರಿಸಿ, ಕೀಲಿಗೊಂಚಲಿನ ಪಕ್ಕದಲ್ಲಿ ಇಟ್ಟ.

"ಹಂಗಾರ ನಾ ಕಳಕೊಂಡದ್ದು ಏನ್ರಿ, ಅಜ್ಜಾರ?"

ಗುರುಗಳು ಎದುರಿನ ಗೋಡೆಯ ಕಡೆ ನೋಡಿದರು. ಅಲ್ಲಿ ಮೊಳೆಗೆ ಎರಡು ಮೊರ ತೂಗುತ್ತಿದ್ದವು. ಒಂದು ಶಿಷ್ಯನದು, ಇನ್ನೊಂದು ಅವರದು. ಎರಡರ ಮೇಲೂ ಧೂಳು ಕೂತಿತ್ತು.

"ಬ್ಯಾಳಿ ಆರಿಸೂದು ನಿಂತ ಮ್ಯಾಲ, ನೀ ನನ್ನ ಬಾಜೂಕ ಬಂದು ಕುಂತದ್ದು ಇವತ್ತ ಮೊದಲ ಸಲ ನೋಡಪಾ."